ಹಿಂದಿನ ಗಾಜಿನ ಹನ್ನೊಂದು ಗೆರೆಗಳು

ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವ ಕೆಲಸಕ್ಕೆ ಸೇರುವವರು ಮೊದಲು ಉಗುರು ಕತ್ತರಿಸಿಕೊಳ್ಳಬೇಕು. ಉಣ್ಣೆಯ ಸ್ವೆಟರ್ ಮನೆಯಲ್ಲೇ ಬಿಟ್ಟು ಬರಬೇಕು. ಕೂದಲನ್ನು ಗಂಟು ಹಾಕಿ ಮೇಲೆ ಬಟ್ಟೆ ಕಟ್ಟಬೇಕು. ಒಂದು ನೂಲಿನ ಎಳೆ ಫಿಲ್ಮಿನ ಅಡಿಗೆ ಸಿಕ್ಕಿಕೊಂಡರೂ ಕಾರಿನವನ ಕಣ್ಣು ಆಮೇಲೆ ಸದಾ ಅಲ್ಲಿಗೇ ಹೋಗುತ್ತದೆ. ಇಷ್ಟನ್ನು ಯಾವ ಅಂಗಡಿಯಲ್ಲಾದರೂ ಹೇಳಿಕೊಡುತ್ತಾರೆ. ನಾನು ಬರೆಯಲು ಕೂತಿರುವುದು ಯಾರೂ ಹೇಳಿಕೊಡದ ಒಂದು ವಿಷಯ. ನೀವು ಗಾಜಿಗೆ ಏನಾದರೂ ಮಾಡಿಬಿಟ್ಟಿದ್ದರೆ, ಕಪ್ಪು ಫಿಲ್ಮ್ ಅದನ್ನು ಮುಚ್ಚಿಬಿಡುತ್ತದೆ. ಆಮೇಲೆ ಅದು ನಿಮಗೊಬ್ಬರಿಗೇ ಗೊತ್ತಿರುತ್ತದೆ.

ನಾನು ಹುಟ್ಟಾ ಪುಕ್ಕಲಿ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಿಂದ ಕಾರು ತಿರುಗಿಸಿದವಳು. ಅಂಥವಳು ಇಪ್ಪತ್ತೈದು ವರ್ಷ ಬ್ಲೇಡು ಹಿಡಿದು ಬೇರೆಯವರ ಕಾರಿನೊಳಗೆ ಹೇಗೆ ಕೂತಳು ಎಂದು ನನ್ನ ತಂಗಿ ಈಗಲೂ ಕೇಳುತ್ತಾಳೆ. ಮಂಡಿ ಕೈಕೊಟ್ಟು ಕೆಲಸ ಬಿಟ್ಟಾಯಿತು. ಈಗ ನಿಧಾನವಾಗಿ ಹೇಳಬಹುದು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಪ್ಪನದು ಎಂಟಡಿ ಅಗಲದ ಅಂಗಡಿ. ಸೀಟ್ ಕವರು, ಹಾರ್ನು, ಸನ್ ಫಿಲ್ಮು. ಮನೆ ಹೆಂಗಸರು ಅಂಗಡಿಯಲ್ಲಿ ಕೂರುವ ಪದ್ಧತಿ ಇರಲಿಲ್ಲ, ಆದರೆ ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಯಿತು. ಪಿಯುಸಿ ಮುಗಿದ ಬೇಸಿಗೆಯಿಂದ ಫಿಲ್ಮ್ ಕತ್ತರಿಸುವುದು ನನ್ನ ಪಾಲಿಗೆ ಬಂತು. "ಬ್ಲೇಡು ಮುಟ್ಟಬೇಕು, ಒತ್ತಬಾರದು ಪದ್ದು," ಎನ್ನುತ್ತಿದ್ದರು ಅಪ್ಪ. ಹೊಸ ಫಿಲ್ಮ್ ಹಾಕುವಾಗ ಆ ಮಾತು. ಹಳೆಯದನ್ನು ತೆಗೆಯುವಾಗ ಮಾತ್ರ ಯಾವ ಮುಲಾಜೂ ಇಲ್ಲ. ಸೋಪಿನ ನೀರು ಚಿಮುಕಿಸಿ, ಬ್ಲೇಡಿನಿಂದ ಪರಪರ ಕೆರೆದು, ಹಳೆಯ ಬನಿಯನ್ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಮದುವೆಯಾಗಿ ಅಟ್ಲಾಂಟಾ ಕಡೆಯ ಸುವಾನಿಗೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ನಮ್ಮೆಜಮಾನರು ಶ್ರೀಧರ ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದರು. ಎರಡು ವರ್ಷ ಮನೆಯಲ್ಲಿ ಕೂತು ಗೋಡೆ ನೋಡಿ ಸಾಕಾಗಿ, ರಸ್ತೆಯಂಚಿನ ಒಂದು ಟಿಂಟ್ ಅಂಗಡಿಗೆ, ಅಂದರೆ ಗಾಜಿಗೆ ಫಿಲ್ಮ್ ಹಾಕುವಲ್ಲಿಗೆ, ಹೋಗಿ ಕೆಲಸ ಕೇಳಿದೆ. ಯಜಮಾನ ವಾಲ್ಟರ್ ಎಂಬ ಅರವತ್ತರ ಮನುಷ್ಯ, ಎತ್ತರದ ಆಳು, ಮಾತು ಕಡಿಮೆ. ನನ್ನ ಕೈಗೆ ಒಂದು ತುಂಡು ಫಿಲ್ಮ್, ಒಂದು ಬ್ಲೇಡು ಕೊಟ್ಟು ಪಕ್ಕದ ಗಾಜು ತೋರಿಸಿದರು. ಅಂಚು ಕತ್ತರಿಸಿದೆ. ಕನ್ನಡಕ ಏರಿಸಿ ನೋಡಿದರು. ಅವರ ಇಂಗ್ಲಿಷ್ ಮಾತನ್ನು ನಮ್ಮ ಭಾಷೆಯಲ್ಲೇ ಬರೆಯುತ್ತೇನೆ. "ಸೋಮವಾರ ಬಾ. ಪಕ್ಕದ ಗಾಜು ಮಾತ್ರ. ಹಿಂದಿನ ಗಾಜು ನಾನು ಹೇಳಿಕೊಡೋವರೆಗೂ ಮುಟ್ಟಬೇಡ," ಎಂದರು.

ಆಗೆಲ್ಲ ಕೈಯಲ್ಲೇ ಕತ್ತರಿಸುವುದು. ಈಗಿನವರಿಗೆ ಕಂಪ್ಯೂಟರ್ ಅಳತೆಗೆ ಸರಿಯಾಗಿ ಕತ್ತರಿಸಿ ಕೊಡುತ್ತದೆ, ಅಂಟಿಸುವುದಷ್ಟೇ ಬಾಕಿ. ನಾವು ಗಾಜಿನ ಹೊರಗೆ ಫಿಲ್ಮ್ ಹಾಸಿ, ಆಕಾರ ಕತ್ತರಿಸಿ, ಹಾಳೆಯನ್ನು ಒಳಗೆ ಒಯ್ದು, ಮಕ್ಕಳ ಶಾಂಪೂ ಬೆರೆಸಿದ ನೀರಿನ ಮೇಲೆ ಜಾರಿಸಿ ಕೂರಿಸುತ್ತಿದ್ದೆವು. ರಬ್ಬರ್ ಪಟ್ಟಿಯಿಂದ ನೀರು ಹೊರದಬ್ಬುವಾಗ ನಾನು ಉಸಿರು ಬಿಗಿ ಹಿಡಿದಿರುತ್ತಿದ್ದೆ. ಕೆಲಸ ಮುಗಿದ ಮೇಲೆ ಗಾಜು ಇಳಿಸಬೇಡಿ, ನಾಲ್ಕು ದಿನ ಒಣಗಲಿ ಎಂದು ಕೈ ಮುಗಿದು ಹೇಳುತ್ತಿದ್ದೆ. ಒಬ್ಬ ಪುಣ್ಯಾತ್ಮ ಕಾರು ಗೇಟು ದಾಟುವ ಮೊದಲೇ ನನಗೆ ಟಾಟಾ ಮಾಡಲು ಗಾಜು ಇಳಿಸಿದ. ಫಿಲ್ಮ್ ಬಾಗಿಲೊಳಗೆ ಮುದ್ದೆಯಾಯಿತು. ಬೈಯುವುದಕ್ಕೂ ಬಾಯಿ ಬರದೆ ನಾನೂ ಟಾಟಾ ಮಾಡಿದೆ.

ಮೇ ತಿಂಗಳ ಒಂದು ಶನಿವಾರ ವಾಲ್ಟರ್ ಮಗಳ ಕಾಲೇಜಿನ ಸಮಾರಂಭಕ್ಕೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಅವತ್ತೇ ಸುಮಾ, ಪ್ರಸನ್ನ ಬಂದರು. ಮೈಸೂರಿನವರು, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿ. ಪ್ರಸನ್ನ ಕೆಲಸದ ವೀಸಾದಲ್ಲಿ ಬಂದ ಸಾಫ್ಟ್‌ವೇರ್ ಹುಡುಗ. ಸುಮಾಳ ಕಂಕುಳಲ್ಲಿ ಆರು ತಿಂಗಳ ಪಾಪು. ಸೆಕೆಂಡ್‌ಹ್ಯಾಂಡ್ ಬಿಳಿ ಕಾರು, ಅವರ ಮೊದಲನೆಯದು. ಹಿಂದಿನ ಗಾಜಿನ ಹಳೆಯ ಫಿಲ್ಮ್ ನೇರಳೆ ಬಣ್ಣಕ್ಕೆ ತಿರುಗಿ ಹಪ್ಪಳದಂತೆ ಗುಳ್ಳೆ ಎದ್ದಿತ್ತು.

"ಪದ್ಮಕ್ಕ, ಇದನ್ನ ತೆಗೆದು ಹೊಸ್ದು ಹಾಕ್ಕೊಡಿ. ಪಾಪು ಹಿಂದೆ ಕೂತ್ಕೋತಾನೆ, ಬಿಸ್ಲು ಮುಖಕ್ಕೇ ಹೊಡಿಯತ್ತೆ," ಎಂದಳು ಸುಮಾ. "ನಾನು ಡ್ರೈವಿಂಗ್ ಕಲೀತಿದೀನಿ. ಲೈಸೆನ್ಸ್ ಬಂದ್ರೆ ನಾನೇ ಇವ್ನನ್ನ ಎಲ್ಲಾ ಕಡೆ ಕರ್ಕೊಂಡ್ ಹೋಗ್ಬೋದು."

ವಾಲ್ಟರ್ ಬರಲಿ, ಸೋಮವಾರ ಬನ್ನಿ ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನಮ್ಮವರು ಬಂದಿದ್ದಾರೆ, ಅಕ್ಕ ಎನ್ನುತ್ತಿದ್ದಾರೆ, ಇಲ್ಲ ಎನ್ನುವುದು ಹೇಗೆ. ಅದಕ್ಕಿಂತ ಹೆಚ್ಚಾಗಿ, ನನಗೆ ಬರುತ್ತದೆ ಎಂದು ತೋರಿಸುವ ಚಪಲ. ಹಿಂದಿನ ಸೀಟಿಗೆ ಹತ್ತಿ ಫಿಲ್ಮ್ ಕಿತ್ತೆ. ಅಂಟು ಗಾಜಿನ ಮೇಲೇ ಉಳಿಯಿತು. ಜೆ.ಸಿ. ರಸ್ತೆಯ ಕೈ, ಸೋಪಿನ ನೀರು ಹಾಕಿ ಬ್ಲೇಡಿನಿಂದ ಕೆರೆಯತೊಡಗಿತು.

ಗಾಜಿನ ಮೇಲೆ ಅಡ್ಡಡ್ಡಕ್ಕೆ ಸಣ್ಣ ಕಂದು ಗೆರೆಗಳಿದ್ದವು, ಹನ್ನೊಂದು. ಅಪ್ಪನ ಅಂಗಡಿಗೆ ಬರುತ್ತಿದ್ದ ಕಾರುಗಳಲ್ಲಿ ಅಂಥದ್ದು ನಾನು ನೋಡಿರಲಿಲ್ಲ. ಏನೋ ಡಿಸೈನ್ ಇರಬೇಕು ಎಂದುಕೊಂಡೆ. ಬಲಗಡೆ ಅಂಚಿನುದ್ದಕ್ಕೂ ಅಂಟು ಗಟ್ಟಿಯಾಗಿತ್ತು. ಅಲ್ಲಿ ಬ್ಲೇಡನ್ನು ಒತ್ತಿ ಮೇಲಿಂದ ಕೆಳಕ್ಕೆ ಎಳೆದೆ. ಕಂದು ಪುಡಿ ಉದುರಿತು. ಹನ್ನೊಂದು ಗೆರೆಗಳೂ ಅಲ್ಲಿ ಒಂದೊಂದು ಬೆರಳಗಲ ಅಳಿಸಿಹೋದವು. ಗಾಜು ಇನ್ನೂ ಚೊಕ್ಕಟವಾಯಿತಲ್ಲ ಎಂದು ನನಗೆ ಖುಷಿಯೇ ಆಯಿತು. ಮೇಲೆ ಹೊಸ ಫಿಲ್ಮ್ ಕೂರಿಸಿದೆ, ಒಂದು ಗುಳ್ಳೆ ಇಲ್ಲದೆ ಬಂತು.

ಅಂಗಡಿ ಮುಂದೆಯೇ ಸುಮಾ ಕಾರಿಗೆ ಅರಿಸಿನ ಕುಂಕುಮ ಇಟ್ಟಳು. ನಾಲ್ಕು ಚಕ್ರದಡಿ ನಿಂಬೆಹಣ್ಣು. ಪ್ರಸನ್ನ ಅವನ್ನು ಹತ್ತಿಸಿಕೊಂಡು ಮುಂದಕ್ಕೆ ಓಡಿಸಿದ. ಹೊರಡುವಾಗ ಸುಮಾ ನನ್ನ ಕೈಗೆ ಒಂದು ಬಾಟಲಿ ಇಟ್ಟಳು. ಅವರಮ್ಮ ಮೈಸೂರಿಂದ ಕಳಿಸಿದ ಮಾವಿನ ಮಿಡಿ ಉಪ್ಪಿನಕಾಯಿ. ಆಗಸ್ಟ್‌ನಲ್ಲಿ ಪ್ರಸನ್ನನಿಗೆ ವರ್ಜೀನಿಯಾದ ಆಶ್‌ಬರ್ನಿನಲ್ಲಿ ಹೊಸ ಕೆಲಸವಾಗಿ ಅವರು ಊರು ಬಿಟ್ಟರು. ಉಪ್ಪಿನಕಾಯಿ ಆಗ ಅರ್ಧ ಮುಗಿದಿತ್ತು.

ಸೆಪ್ಟೆಂಬರಿನಲ್ಲಿ ವಾಲ್ಟರ್ ನನಗೆ ಹಿಂದಿನ ಗಾಜಿನ ಪಾಠ ಶುರು ಮಾಡಿದರು. ಹಳೆಯ ಫಿಲ್ಮ್ ಇದ್ದ ಕಾರೊಂದು ಬಂದಿತ್ತು. ನಾನು ಬ್ಲೇಡು ಹಿಡಿದು ಒಳಗೆ ಬಗ್ಗಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅದು ಚಿತ್ರ ಅಲ್ಲ. ಅದು ತಂತಿ," ಎಂದರು.

ಸ್ಟೀರಿಂಗ್ ಪಕ್ಕದ, ಹಿಂದಿನ ಗಾಜನ್ನು ಬಿಸಿ ಮಾಡುವ ಬಟನ್ ಒತ್ತಿ, ಗಾಜಿನ ಮೇಲೆ ಬಾಯಿಂದ ಹಬೆ ಊದಿದರು. ಒಂದೊಂದು ಗೆರೆಯ ಸುತ್ತ ಮಂಜು ಕರಗಿತು. ಚಳಿಗಾಲದಲ್ಲಿ ಮಂಜು ಕಟ್ಟಿ ಗಾಜು ಬಿಳಿಯಾದಾಗ ಹಿಂದೆ ಯಾರಿದ್ದಾರೆ ಎಂದು ಕಾಣುವುದು ಈ ಗೆರೆಗಳಿಂದಲೇ ಎಂದು ಹೇಳಿದರು. ಒಂದು ಗೆರೆ ಎಲ್ಲಾದರೂ ಒಂದು ಕಡೆ ಕತ್ತರಿಸಿದರೆ ಆ ಗೆರೆ ಪೂರ್ತಿ ಸತ್ತಂತೆ. ಅದಕ್ಕೇ ಇಲ್ಲಿ ಕೆರೆಯುವುದಿಲ್ಲ. ಒಳಗೆ ಅಮೋನಿಯಾ ಚಿಮುಕಿಸಿ, ಮೇಲೆ ಕಸದ ಕಪ್ಪು ಚೀಲ ಅಂಟಿಸಿ, ಕಾರನ್ನು ಬಿಸಿಲಿಗೆ ನಿಲ್ಲಿಸುತ್ತಾರೆ. ಗಂಟೆ ಬಿಟ್ಟು ಎಳೆದರೆ ಫಿಲ್ಮ್ ಅಂಟಿನ ಸಮೇತ ಸಿಪ್ಪೆ ಸುಲಿದಂತೆ ಬರುತ್ತದೆ.

"ಈ ಮೊದಲು ಯಾವ ಗಾಜನ್ನಾದರೂ ಕೆರೆದಿದ್ದೀಯಾ?"

"ಇಲ್ಲ," ಎಂದೆ. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ.

ಆ ಒಂದು ಇಲ್ಲ ಎಂಬುದನ್ನು ನಾನು ಮೂರು ತಿಂಗಳು ಹೊತ್ತು ತಿರುಗಿದೆ. ಟಿವಿಯಲ್ಲಿ ವರ್ಜೀನಿಯಾದ ಹವಾಮಾನ ನೋಡುವುದು ಚಟವಾಯಿತು. ಇಲ್ಲಿ ನಾವು ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿದ್ದರೆ ಅಲ್ಲಿ ಬೆಳಗಿನ ಚಳಿ ಎಷ್ಟು ಎಂದು ನನಗೆ ಗೊತ್ತಿರುತ್ತಿತ್ತು. "ನೀನೇನು ಅಲ್ಲಿನ ಗವರ್ನರಾ?" ಎಂದು ನಮ್ಮೆಜಮಾನರು ರೇಗಿಸಿದರು. ನಾನು ನಗಲಿಲ್ಲ. ಸುಮಾ ಕಾರನ್ನು ಹಿಂದಕ್ಕೆ ತೆಗೆಯುತ್ತಿರುವುದು, ಗಾಜು ಬಿಳಿಯಾಗಿರುವುದು, ಹಿಂದೆ ಯಾರೋ ಇರುವುದು, ಇಷ್ಟೇ ಕಣ್ಣಿಗೆ ಬರುತ್ತಿತ್ತು.

ಫೋನ್ ಮಾಡಲಿಲ್ಲವೇ ಎಂದು ಕೇಳಬಹುದು. ಮಾಡಿದೆ, ಮೂರು ಸಲ. ಮೊದಲನೇ ಸಲ, "ಸುಮಾ, ನಿಮ್ಮಮ್ಮ ಮಿಡೀನ ಎಷ್ಟು ದಿನ ಉಪ್ಪಲ್ಲಿ ನೆನೆಸ್ತಾರೆ?" ಎಂದು ಕೇಳಿ ಇಟ್ಟೆ. ಎರಡನೇ ಸಲ ಸಾಸಿವೆ ಹುರಿಯಬೇಕೋ ಹಸಿಯದೋ ಎಂದು ಕೇಳಿದೆ. ಅವಳು ಪಾಪ, ಮೈಸೂರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿ ನನಗೆ ವಾಪಸು ಹೇಳಿದಳು. ಲೈಸೆನ್ಸ್ ಬಂತು ಎಂದೂ ಹೇಳಿದಳು. ಕಂಗ್ರಾಜುಲೇಷನ್ಸ್ ಎಂದು ಫೋನ್ ಇಟ್ಟೆ. ಹೇಳಿದರೆ ಅವರು ವಾಲ್ಟರಿಗೆ ಫೋನ್ ಮಾಡುತ್ತಾರೆ, ನನ್ನ ಕೆಲಸ ಹೋಗುತ್ತದೆ, ಸುವಾನಿಯ ಕನ್ನಡದವರೆಲ್ಲ ಪದ್ಮ ಕಾರು ಹಾಳು ಮಾಡಿದಳು ಎನ್ನುತ್ತಾರೆ. ಇದೇ ಲೆಕ್ಕಾಚಾರ. ನಾಚಿಕೆಯಾಗುತ್ತದೆ, ಆದರೂ ಇದ್ದದ್ದನ್ನೇ ಬರೆಯಬೇಕು.

ಮೂರನೇ ಸಲ ಡಿಸೆಂಬರ್. "ಉಪ್ಪಿನಕಾಯಿ ಬಾಟ್ಲಿ ಖಾಲಿ ಆಯ್ತು ಕಣೇ," ಎಂದು ಶುರು ಮಾಡಿದೆ. ಸುಮಾಳ ದನಿ ಸಪ್ಪಗಿತ್ತು.

"ನಾನು ಡ್ರೈವಿಂಗ್ ಬಿಟ್ಬಿಟ್ಟೆ ಪದ್ಮಕ್ಕ," ಎಂದಳು. "ಹೋದ್ವಾರ ಪಾಪುಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ಇತ್ತು. ಹಿಂದಿನ ಗ್ಲಾಸ್ ಫುಲ್ ಬಿಳಿ. ಬಟನ್ ಒತ್ತಿದೆ, ವೇಯ್ಟ್ ಮಾಡ್ದೆ, ಹೋಗ್ಲೇ ಇಲ್ಲ. ಲೇಟ್ ಆಗ್ತಿತ್ತು, ರಿವರ್ಸ್ ತೆಗೆದೆ. ಪಕ್ಕದ್ಮನೆ ಹುಡುಗಿ ಸೈಕಲ್ ಮೇಲೆ ಹತ್ತಿಸ್ಬಿಟ್ಟೆ."

"ಹುಡುಗಿ?"

"ಅವ್ಳು ಆಗ್ತಾನೇ ಇಳಿದಿದ್ಲು. ಏನೂ ಆಗ್ಲಿಲ್ಲ. ಸೈಕಲ್ ಅಪ್ಪಚ್ಚಿ. ಅವರಮ್ಮ ಈಗ್ಲೂ ನನ್ನ ನೋಡಿದ್ರೆ ಮುಖ ತಿರುಗಿಸ್ತಾರೆ. ಇವ್ರು ಕಾರ್‌ಪೂಲಲ್ಲಿ ಆಫೀಸ್‌ಗೆ ಹೋಗ್ತಾರೆ, ಕಾರ್ ಇದ್ದಿದ್ದೇ ನಂಗೆ. ಈಗ ಗರಾಜಲ್ಲಿ ನಿಂತಿದೆ. ನೀನು ಬಟನ್ ಒತ್ತೇ ಇಲ್ಲ, ಗಾಬ್ರೀಲಿ ಇನ್ಯಾವ್ದೋ ಒತ್ತಿದೀಯ ಅಂತಾರೆ. ನಿಜ ಇರ್ಬೋದು. ಕೇಳಿ ಕೇಳಿ ಈಗ ನಂಗೇ ಡೌಟು, ಒತ್ತಿದ್ನೋ ಇಲ್ವೋ ಅಂತ. ನಂಗೆ ಡ್ರೈವಿಂಗ್ ಆಗ್ಬರಲ್ಲ ಬಿಡಿ."

ಆಗಲೂ ನಾನು ಹೇಳಲಿಲ್ಲ. ಫೋನ್ ಇಟ್ಟೆ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ನಮ್ಮೆಜಮಾನರು ಬಂದು ಏನು ಎತ್ತ ಎಂದು ಕೇಳಿದಾಗ ಮೇ ತಿಂಗಳಿಂದ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಸರಿ ಮಾಡಕ್ಕೆ ಆಗತ್ತಾ?" ಎಂದು ಮಾತ್ರ ಕೇಳಿದರು.

ಸರಿ ಮಾಡುವ ಬಣ್ಣ ವಾಲ್ಟರ್ ಮೇಜಿನ ಡ್ರಾಯರಿನಲ್ಲಿತ್ತು. ವಿದ್ಯುತ್ ಹರಿಯುವ ಬೆಳ್ಳಿ ಬಣ್ಣ, ಉಗುರುಬಣ್ಣದ ಬಾಟಲಿಯಷ್ಟು ಚಿಕ್ಕದು. ಶುಕ್ರವಾರ ಅವರ ಮುಂದೆ ನಿಂತು ಕೇಳಿದೆ.

"ಎಷ್ಟು ಕಾರು?" ಎಂದರು.

"ಒಂದು."

"ಸೆಪ್ಟೆಂಬರಲ್ಲಿ ಕೇಳಿದ್ದೆ."

"ಸುಳ್ಳು ಹೇಳಿದೆ."

ಡ್ರಾಯರ್ ಎಳೆದು ಬಾಟಲಿ ತೆಗೆದುಕೊಟ್ಟರು. ಹೇಗೆ ಹಚ್ಚಬೇಕು, ಎಷ್ಟು ತೆಳು, ಎಷ್ಟು ಹೊತ್ತು ಒಣಗಬೇಕು ಎಂದು ಕಾಗದದ ಮೇಲೆ ಬರೆದುಕೊಟ್ಟರು. "ಕೆರೆದಿದ್ದಕ್ಕೆ ನನಗೆ ಬೇಜಾರಿಲ್ಲ," ಎಂದರು. ಸೋಮವಾರದಿಂದ ಮಾರ್ಚ್ ಕೊನೆಯವರೆಗೂ ನನಗೆ ಮತ್ತೆ ಪಕ್ಕದ ಗಾಜು ಮಾತ್ರ.

ಶನಿವಾರ ನಸುಕಿಗೇ ಇಬ್ಬರೂ ಆಶ್‌ಬರ್ನಿಗೆ ಹೊರಟೆವು. ಡರ್ಹಮ್ ಹತ್ತಿರ ಪೆಟ್ರೋಲಿಗೆ ನಿಲ್ಲಿಸಿದಾಗ ನನ್ನ ಧೈರ್ಯ ಪೂರ್ತಿ ಸೋರಿಹೋಗಿತ್ತು. "ವಾಪಸ್ ಹೋಗೋಣ ರೀ. ಫೋನಲ್ಲೇ ಹೇಳ್ತೀನಿ, ಈ ಸಲ ಖಂಡಿತ ಹೇಳ್ತೀನಿ," ಎಂದೆ.

"ಬಾಟ್ಲಿ ಫೋನಲ್ಲಿ ಹೋಗತ್ತಾ?" ಎಂದು ಅವರು ಕಾಫಿ ಲೋಟ ನನ್ನ ಕೈಗೆ ಕೊಟ್ಟು ಕಾರು ಹತ್ತಿದರು.

ಆಶ್‌ಬರ್ನ್ ತಲುಪಿದಾಗ ಮೂರು ಗಂಟೆ. ಒಂದಕ್ಕೊಂದು ಅಂಟಿಕೊಂಡ ಟೌನ್‌ಹೌಸುಗಳ ಸಾಲು. ಸುಮಾ ಬಾಗಿಲು ತೆರೆದು, "ಅಯ್ಯೋ, ಹೇಳ್ದೇ ಬಂದ್ಬಿಟ್ರಲ್ಲ, ಬನ್ನಿ ಬನ್ನಿ," ಎಂದಳು. ಹಿಂದೆ ಪ್ರಸನ್ನ ಪಾಪುವನ್ನು ಎತ್ತಿಕೊಂಡು ನಿಂತಿದ್ದ. ಒಳಗೆ ಹೋಗಿ ಕಾಫಿ ಕುಡಿದರೆ ಮತ್ತೆ ಬಾಯಿ ಕಟ್ಟುತ್ತದೆ ಎಂದು ನನಗೆ ಗೊತ್ತಿತ್ತು. ಬೂಟು ಬಿಚ್ಚದೆ ಹೊಸ್ತಿಲಲ್ಲೇ ನಿಂತು ಹೇಳಿದೆ.

"ಸುಮಾ, ನೀನು ಬಟನ್ ಒತ್ತಿದ್ದೆ. ಸರಿಯಾಗೇ ಒತ್ತಿದ್ದೆ. ಆ ಗಾಜಿನ ಗೆರೆಗಳನ್ನ ಕತ್ತರಿಸಿದ್ದು ನಾನು. ಹಳೇ ಫಿಲ್ಮ್ ತೆಗೆಯೋವಾಗ ಗೊತ್ತಿಲ್ದೆ ಮಾಡ್ದೆ. ಸೆಪ್ಟೆಂಬರಲ್ಲಿ ಗೊತ್ತಾಯ್ತು. ಗೊತ್ತಾದ್ಮೇಲೂ ಹೇಳ್ಲಿಲ್ಲ."

ಸುಮಾ ನನ್ನನ್ನು ನೋಡಲಿಲ್ಲ. ತಿರುಗಿ ಗಂಡನನ್ನು ನೋಡಿದಳು. "ಕೇಳಿಸ್ತಾ?" ಎಂದಳು. ಪ್ರಸನ್ನ ತಲೆ ತಗ್ಗಿಸಿದ. ಅವಳು ಮಗುವನ್ನು ಅವನ ಕೈಯಿಂದ ತೆಗೆದುಕೊಂಡು ಮಹಡಿ ಹತ್ತಿ ಹೋದಳು.

ಗರಾಜಿನ ಬಾಗಿಲು ತೆರೆದಿಟ್ಟು, ಅಮೋನಿಯಾದ ಘಾಟಿಗೆ ಕಣ್ಣೀರು ಸುರಿಸುತ್ತ, ನನ್ನ ಕೈಯಿಂದಲೇ ಹಾಕಿದ್ದ ಫಿಲ್ಮನ್ನು ತೆಗೆದೆ. ಬಿಸಿಲಿಲ್ಲದ್ದಕ್ಕೆ ಹೇರ್ ಡ್ರೈಯರ್ ಹಿಡಿದು ನಿಂತವನು ಪ್ರಸನ್ನ. ಬಲಗಡೆ ಅಂಚಿನಲ್ಲಿ ನನ್ನ ಬ್ಲೇಡಿನ ದಾರಿ ಮೇ ತಿಂಗಳಲ್ಲಿ ಇದ್ದ ಹಾಗೇ ಇತ್ತು. ಗೆರೆಯ ಮೇಲೂ ಕೆಳಗೂ ಟೇಪ್ ಅಂಟಿಸಿ, ಸಣ್ಣ ಕುಂಚದಿಂದ ಹನ್ನೊಂದು ಕಡೆ ಬೆಳ್ಳಿ ಬಣ್ಣ ತುಂಬಿದೆ. ಮುಗಿದ ಮೇಲೆ ಗರಾಜಿನಲ್ಲಿ ಒಂದು ಸಣ್ಣ ಹೀಟರ್ ಹಚ್ಚಿಟ್ಟು ಒಣಗಲು ಬಿಟ್ಟೆವು. ಊಟಕ್ಕೆ ಸುಮಾ ಸಾರು, ಹಪ್ಪಳ ಬಡಿಸಿದಳು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅದು ಅವಳ ಹಕ್ಕು.

ಭಾನುವಾರ ಬೆಳಿಗ್ಗೆ ಹೊರಗೆ ಹುಲ್ಲೆಲ್ಲ ಬಿಳಿಯಾಗಿತ್ತು. ಪ್ರಸನ್ನ ಕಾರನ್ನು ಡ್ರೈವ್‌ವೇಗೆ ತಂದು ನಿಲ್ಲಿಸಿದ. ನಾನು ಕುದಿಯುವ ನೀರಿನ ಪಾತ್ರೆಯನ್ನು ಹಿಂದಿನ ಸೀಟಿನಲ್ಲಿ ಹಿಡಿದು ಗಾಜಿಗೆ ಹಬೆ ಕೂರಿಸಿದೆ. ಗಾಜು ಪೂರ್ತಿ ಮುಚ್ಚಿಹೋಯಿತು.

"ಸುಮಾ, ನೀನು ಒತ್ತು," ಎಂದೆ.

ಅವಳು ಮುಂದಿನ ಸೀಟಿಗೆ ಬಂದು ಕೂತು ಒತ್ತಿದಳು. ಹಳದಿ ದೀಪ ಬಂತು. ಮೇಲಿನ ನಾಲ್ಕು ಗೆರೆಗಳ ಸುತ್ತ ಮೊದಲು ಮಂಜು ಕರಗಿತು. ಆಮೇಲೆ ಐದನೆಯದು. ನಾನು ಬೆರಳು ಮಡಚುತ್ತ ಎಣಿಸುತ್ತಿದ್ದೆ. ಆರು, ಏಳು, ಎಂಟು. ಹತ್ತರವರೆಗೆ ಬಂತು. ಹನ್ನೊಂದನೆಯದು ಬರಲೇ ಇಲ್ಲ. ಇನ್ನೊಂದು ಸಲ ಹಚ್ಚಿದರೂ ಬರಲಿಲ್ಲ. ಹತ್ತು ಸಾಕು, ಹಿಂದಿನ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ಆದರೂ ಆ ಒಂದು ಗೆರೆ ಈಗಲೂ ನನ್ನ ಲೆಕ್ಕದಲ್ಲಿದೆ.

"ಒಂದ್ ರೌಂಡ್ ಹೋಗ್ಬರ್ತೀನಿ," ಎಂದಳು ಸುಮಾ.

"ನಾನೂ ಬರ್ಲಾ?" ಎಂದ ಪ್ರಸನ್ನ.

"ಬೇಡ."

ಕನ್ನಡಿ ನೋಡಿ, ಕತ್ತು ತಿರುಗಿಸಿ ಎರಡೂ ಕಡೆ ನೋಡಿ, ನಿಧಾನವಾಗಿ ಹಿಂದಕ್ಕೆ ತೆಗೆದಳು. ನಾವು ಮೂವರು ಪಾಪುವನ್ನು ಶಾಲಿನಲ್ಲಿ ಸುತ್ತಿಕೊಂಡು ಚಳಿಯಲ್ಲಿ ನಿಂತೆವು. ಹತ್ತು ನಿಮಿಷ, ಹದಿನೈದು, ಇಪ್ಪತ್ತು. ಯಾರೂ ಒಳಗೆ ಹೋಗೋಣ ಎನ್ನಲಿಲ್ಲ. ಬಿಳಿ ಕಾರು ತಿರುವಿನಲ್ಲಿ ಕಂಡಾಗ ಪ್ರಸನ್ನ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಸುಮಾ ಇಳಿದು ನೇರ ನನ್ನ ಹತ್ತಿರ ಬಂದಳು. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಪದ್ಮಕ್ಕ, ನನ್ಜೊತೆ ಪಕ್ಕದ್ಮನೇಗೆ ಬನ್ನಿ. ನಾನು ಏನು ಹೇಳಿದ್ರೂ ಅವರಮ್ಮ ನಂಬಲ್ಲ. ನೀವೇ ಹೇಳಿ."

ಕೈಯಲ್ಲಿ ಬೆಳ್ಳಿ ಬಣ್ಣ ಮೆತ್ತಿತ್ತು, ಮೈಯೆಲ್ಲ ಅಮೋನಿಯಾ ವಾಸನೆ. ಗುರುತಿಲ್ಲದ ಹೆಂಗಸಿಗೆ, ನಿಮ್ಮ ಮಗಳು ಕಾರಿನಡಿ ಸಿಗುವುದು ಒಂದು ಹೆಜ್ಜೆಯಲ್ಲಿ ತಪ್ಪಿತು, ಆ ಅಪಾಯಕ್ಕೆ ಕಾರಣ ನಾನು ಎಂದು ಇಂಗ್ಲಿಷಿನಲ್ಲಿ ಹೇಳಬೇಕು. ಬಟ್ಟೆಗೆ ಕೈ ಒರೆಸಿಕೊಳ್ಳುತ್ತಲೇ ಇದ್ದೆ. ಸುಮಾ ಕಾದು ನಿಂತಳು. ಹೊರಟೆ. ಹುಲ್ಲು ದಾಟಿ ಅವರ ಮೆಟ್ಟಿಲು ಹತ್ತುವಾಗ ಅವಳು ಮೆಲ್ಲಗೆ ಹೇಳಿದಳು:

"ಇಲ್ಲಿ ಉಪ್ಪಿನಕಾಯಿಯಿಂದ ಶುರು ಮಾಡ್ಬೇಡಿ."

ಬೆಲ್ ಒತ್ತಿದ್ದು ನಾನೇ. ಬಾಗಿಲು ತೆರೆದ ಹೆಂಗಸಿನ ಹಿಂದೆ ಆ ಹುಡುಗಿ ಇಣುಕುತ್ತಿದ್ದಳು. ಗುಡ್ ಮಾರ್ನಿಂಗ್ ಎನ್ನುವುದಕ್ಕೂ ಮೊದಲೇ ನಾನು ಮಾಡಿದ್ದನ್ನು ಹೇಳಿದೆ.